ಜಿ.ಪಿ. ಸ್ಯಾಂಡರ್ಸನ್: ಬಿಳಿಗಿರಿಯ ಕಾಡು ಮತ್ತು ಸೋಲಿಗರ ಅರಿವು

ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ಸೀಮೆಗಳಲ್ಲಿ ಹಬ್ಬಿರುವ ಬಿಳಿಗಿರಿರಂಗನ ಬೆಟ್ಟಸಾಲು ಪೂರ್ವ ಮತ್ತು ಪಶ್ಚಿಮ ಘಟ್ಟಗಳನ್ನು ಬೆಸೆಯುವ ಕೊಂಡಿ. ಕುರುಚಲು ಕಾಡು, ಎಲೆಯುದುರುವ ಕಾಡು, ಶೋಲಾ, ಹುಲ್ಲುಗಾವಲುಗಳು ಇಲ್ಲಿ ಒಂದೇ ಸಾಲಿನಲ್ಲಿ ಕಾಣಸಿಗುತ್ತವೆ. ಈ ಕಾಡಿನ ಜೀವಲೋಕವನ್ನು ಇಂಗ್ಲಿಷ್ ಓದುಗರಿಗೆ ವಿವರವಾಗಿ ಪರಿಚಯಿಸಿದವರಲ್ಲಿ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892) ಪ್ರಮುಖರು.

ಇವರ ತಂದೆ ವೆಸ್ಲಿಯನ್ ಮಿಷನರಿ ಡೇನಿಯಲ್ ಸ್ಯಾಂಡರ್ಸನ್. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದವರು ಅವರೇ. ಇಂಗ್ಲೆಂಡಿನಲ್ಲಿ ಬೆಳೆದ ಮಗ 1864ರಲ್ಲಿ ಮೈಸೂರು ಸೀಮೆಗೆ ಬಂದರು. ಕನ್ನಡ ಕಲಿತು ನೀರಾವರಿ ಇಲಾಖೆಯನ್ನು ಸೇರಿದರು. ಕಾಲುವೆಗಳ ಮೇಲ್ವಿಚಾರಣೆಯ ತಿರುಗಾಟವೇ ಅವರನ್ನು ಕಾಡಿನತ್ತ ಸೆಳೆಯಿತು. 1874ರಲ್ಲಿ ಚಾಮರಾಜನಗರದ ಬಳಿ, ಬೆಟ್ಟದ ತಪ್ಪಲಿನಲ್ಲಿ, ಖೆಡ್ಡಾ ಪದ್ಧತಿಯಿಂದ ಆನೆಗಳ ಹಿಂಡನ್ನು ಸೆರೆಹಿಡಿದರು. 1878ರಲ್ಲಿ ಅವರ ಅನುಭವಕಥನ ಪ್ರಕಟವಾಯಿತು.

ಆನೆಯ ಹಿಂಡಿಗೆ ಹೆಣ್ಣಾನೆಯೇ ಮುಂದಾಳು. ಮುಂಗಾಲಿನ ಸುತ್ತಳತೆಯ ಎರಡರಷ್ಟು ಅದರ ಎತ್ತರ. ಸ್ಯಾಂಡರ್ಸನ್ ದಾಖಲಿಸಿದ ಇಂತಹ ಸಂಗತಿಗಳ ಹಿಂದೆ ಹೆಜ್ಜೆಗುರುತು ಓದಬಲ್ಲ ಸೋಲಿಗರ ಒಡನಾಟವಿತ್ತು. ಆ ಒಡನಾಟಕ್ಕೆ ಮಾಧ್ಯಮವಾದದ್ದು ಕನ್ನಡ. ಬೇಟೆಗಾರನ ಕೃತಿಯಲ್ಲಿ ಸೋಲಿಗರು ಜಾಡುಗಾರರಾಗಿ ಕಾಣಿಸಿಕೊಂಡರೇ ಹೊರತು ಜ್ಞಾನದ ಒಡೆಯರಾಗಿ ಅಲ್ಲ. ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೂ ಮಾನ್ಯತೆ ದೊರೆಯಿತು. ಈ ಹಿನ್ನೆಲೆಯಲ್ಲಿ ಸ್ಯಾಂಡರ್ಸನ್ ಅವರ ಬದುಕನ್ನು ಆ ಮರೆಯಾದ ಸಹಭಾಗಿಗಳೊಂದಿಗೆ ಓದಬೇಕಾಗುತ್ತದೆ.