ಪಾಲ್ ಸೆಜಾನ್ (1839–1906)

ಫ್ರಾನ್ಸ್ ದೇಶದ ಖ್ಯಾತ ಚಿತ್ರಕಲಾವಿದರಾದ ಪಾಲ್ ಸೆಜಾನ್ ಅವರು ಆಧುನಿಕ ಚಿತ್ರಕಲೆಗೆ ತಳಹದಿ ಹಾಕಿದವರಲ್ಲಿ ಪ್ರಮುಖರು. ಹಣ್ಣು, ಹೂಜಿ, ಮೇಜಿನ ಬಟ್ಟೆ ಮುಂತಾದ ನಿತ್ಯಬಳಕೆಯ ವಸ್ತುಗಳನ್ನು ಎದುರಿಗಿರಿಸಿಕೊಂಡು ರಚಿಸುವ ಸ್ಥಿರವಸ್ತು ಚಿತ್ರಗಳಿಗೆ ಹೊಸ ಗೌರವವನ್ನು ದೊರಕಿಸಿಕೊಟ್ಟ ಕೀರ್ತಿ ಇವರಿಗೆ ಸಲ್ಲುತ್ತದೆ.

ಜನನ ಮತ್ತು ಬಾಲ್ಯ

ಸೆಜಾನ್ ಅವರು ದಕ್ಷಿಣ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಪಟ್ಟಣದಲ್ಲಿ 1839ರ ಜನವರಿ 19ರಂದು ಜನಿಸಿದರು. ಟೋಪಿ ವ್ಯಾಪಾರಿಯಾಗಿದ್ದ ಇವರ ತಂದೆಯವರು 1848ರಲ್ಲಿ ಪಾಲುದಾರರೊಬ್ಬರೊಡನೆ ಬ್ಯಾಂಕನ್ನು ಸ್ಥಾಪಿಸಿದರು. ಶಾಲೆಯಲ್ಲಿ ಸೆಜಾನ್ ಅವರಿಗೆ ಎಮಿಲ್ ಜೋಲಾ ಎಂಬ ಕಿರಿಯ ವಿದ್ಯಾರ್ಥಿಯ ಸ್ನೇಹ ಲಭಿಸಿತು. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ಜೋಲಾ ಅವರು ಆಗ ತಂದೆಯನ್ನು ಕಳೆದುಕೊಂಡ ಬಡ ಬಾಲಕರು. ಇತರ ಹುಡುಗರು ದೂರವಿರಿಸಿದ್ದ ಜೋಲಾ ಅವರೊಡನೆ ಮಾತನಾಡಿದ್ದಕ್ಕಾಗಿ ಸೆಜಾನ್ ಅವರು ಪೆಟ್ಟು ತಿಂದರೆಂದೂ, ಮರುದಿನ ಜೋಲಾ ಅವರು ಕೃತಜ್ಞತೆಯಿಂದ ಒಂದು ಬುಟ್ಟಿ ಸೇಬುಗಳನ್ನು ತಂದುಕೊಟ್ಟರೆಂದೂ ಸೆಜಾನ್ ಅವರು ಇಳಿವಯಸ್ಸಿನಲ್ಲಿ ಸ್ಮರಿಸಿದುದನ್ನು ಕವಿ ಜೋಕಿಮ್ ಗ್ಯಾಸ್ಕೆ ಅವರು ದಾಖಲಿಸಿದ್ದಾರೆ.

ಕಲಾಸಾಧನೆ

ತಂದೆಯ ಇಚ್ಛೆಯಂತೆ ಕಾನೂನು ವ್ಯಾಸಂಗಕ್ಕೆ ಸೇರಿದ ಸೆಜಾನ್ ಅವರು ಅದನ್ನು ತ್ಯಜಿಸಿ 1861ರಲ್ಲಿ ಪ್ಯಾರಿಸ್ ನಗರಕ್ಕೆ ತೆರಳಿದರು. ಅಲ್ಲಿನ ಅಧಿಕೃತ ವಾರ್ಷಿಕ ಕಲಾಪ್ರದರ್ಶನವು ಇವರ ಕೃತಿಗಳನ್ನು ಪದೇ ಪದೇ ತಿರಸ್ಕರಿಸಿತು. 1882ರಲ್ಲಿ ಒಮ್ಮೆ ಮಾತ್ರ ಪ್ರವೇಶ ದೊರೆಯಿತು. ಇವರ ಪ್ರಥಮ ಏಕವ್ಯಕ್ತಿ ಪ್ರದರ್ಶನವು ಏರ್ಪಟ್ಟಿದ್ದು 1895ರಲ್ಲಿ, 56ನೆಯ ವಯಸ್ಸಿನಲ್ಲಿ.

ಸೇಬು ಇವರಿಗೆ ಅತ್ಯಂತ ಪ್ರಿಯವಾದ ವಸ್ತುವಾಗಿತ್ತು. ಚಿತ್ರಿಸುವ ಮುನ್ನ ಹಣ್ಣುಗಳ ಅಡಿಯಲ್ಲಿ ನಾಣ್ಯಗಳನ್ನಿರಿಸಿ ಅವು ತಕ್ಕಷ್ಟು ವಾಲುವಂತೆ ಮಾಡುತ್ತಿದ್ದರು. ಒಂದೊಂದು ಬಣ್ಣವನ್ನೂ ಆಲೋಚಿಸಿ ಹಚ್ಚುತ್ತಿದ್ದುದರಿಂದ ಕೆಲಸ ಮುಗಿಯುವ ಮೊದಲೇ ಹಣ್ಣುಗಳು ಕೊಳೆತುಹೋಗುತ್ತಿದ್ದವು, ಹೂವುಗಳು ಬಾಡುತ್ತಿದ್ದವು. ಆದಕಾರಣ ಕಾಗದದ ಹೂವುಗಳನ್ನೂ ಬಳಸುತ್ತಿದ್ದರು. ಸುಮಾರು 1893ರ ಸೇಬಿನ ಬುಟ್ಟಿಯ ಚಿತ್ರದಲ್ಲಿ ಮೇಜಿನ ಎಡಬಲಗಳ ಅಂಚು ಒಂದೇ ರೇಖೆಯಲ್ಲಿ ಕೂಡುವುದಿಲ್ಲ. ಒಂದೇ ವಸ್ತುವನ್ನು ಹಲವು ಕೋನಗಳಿಂದ ನೋಡಿ ಒಂದೇ ಚಿತ್ರದಲ್ಲಿ ಸೇರಿಸುವ ಈ ಕ್ರಮವು ಮುಂದೆ ಪಿಕಾಸೊ ಮತ್ತು ಬ್ರಾಕ್ ಅವರ ಘನಾಕೃತಿ ಪಂಥಕ್ಕೆ ದಾರಿಯಾಯಿತು. ಈ ಚಿತ್ರವು ಷಿಕಾಗೋ ಕಲಾಸಂಸ್ಥೆಯಲ್ಲಿದೆ. ಕೊನೆಯ ವರ್ಷಗಳಲ್ಲಿ ಸೇಬುಗಳ ಜೊತೆಗೆ ತಲೆಬುರುಡೆಗಳೂ ಇವರ ಮೇಜನ್ನು ಸೇರಿದವು.

ಸ್ನೇಹ ಮತ್ತು ಅಗಲಿಕೆ

1886ರಲ್ಲಿ ಜೋಲಾ ಅವರು ವಿಫಲ ಚಿತ್ರಕಾರನೊಬ್ಬನನ್ನು ನಾಯಕನನ್ನಾಗಿಸಿ ಕಾದಂಬರಿಯೊಂದನ್ನು ಪ್ರಕಟಿಸಿದರು. ಇದರಿಂದಲೇ ಸ್ನೇಹವು ಒಮ್ಮೆಲೇ ಮುರಿಯಿತೆಂದು ಬಹುಕಾಲ ನಂಬಲಾಗಿತ್ತು. ಆದರೆ 1887ರಲ್ಲಿ ಸೆಜಾನ್ ಅವರು ಬರೆದ ಪತ್ರವೊಂದು 2013ರಲ್ಲಿ ಬೆಳಕಿಗೆ ಬಂದು, ಸಂಪರ್ಕವು ಆ ಬಳಿಕವೂ ಉಳಿದಿತ್ತೆಂಬುದು ತಿಳಿದುಬಂದಿತು. ಕ್ರಮೇಣ ಇಬ್ಬರೂ ದೂರವಾದರು. 1902ರಲ್ಲಿ ಜೋಲಾ ಅವರು ನಿಧನರಾದರು. 1906ರ ಮೇ ತಿಂಗಳಿನಲ್ಲಿ ಎಕ್ಸ್ ಪಟ್ಟಣದಲ್ಲಿ ಅವರ ಪ್ರತಿಮೆಯನ್ನು ಅನಾವರಣಗೊಳಿಸಿದಾಗ ಸೆಜಾನ್ ಅವರು ಎಲ್ಲರೆದುರಿನಲ್ಲಿ ಕಣ್ಣೀರಿಟ್ಟರು.

ನಿಧನ ಮತ್ತು ಸ್ಮರಣೆ

ಅದೇ ವರ್ಷದ ಅಕ್ಟೋಬರ್ 15ರಂದು ಬಯಲಿನಲ್ಲಿ ಚಿತ್ರಿಸುತ್ತಿದ್ದಾಗ ಬಿರುಮಳೆಗೆ ಸಿಲುಕಿ ಕುಸಿದುಬಿದ್ದ ಸೆಜಾನ್ ಅವರು ಅಕ್ಟೋಬರ್ 22ರಂದು ನಿಧನರಾದರು. 1907ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸ್ಮಾರಕ ಪ್ರದರ್ಶನವು ಯುವ ಕಲಾವಿದರ ಮೇಲೆ ಗಾಢ ಪ್ರಭಾವ ಬೀರಿತು. ಎಕ್ಸ್ ಪಟ್ಟಣದ ಲೆ ಲೋವ್ ಗುಡ್ಡದ ಮೇಲೆ 1902ರಿಂದ ಇವರು ಬಳಸಿದ ಚಿತ್ರಶಾಲೆಯನ್ನು 1954ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಇವರು ಚಿತ್ರಿಸಿದ ಜಾಡಿಗಳು, ಗಾರೆಯ ಮನ್ಮಥ ಪ್ರತಿಮೆ ಹಾಗೂ ತಲೆಬುರುಡೆಗಳನ್ನು ಅಲ್ಲಿ ಸಂರಕ್ಷಿಸಲಾಗಿದೆ. ಕೊಳೆತುಹೋದ ಸೇಬುಗಳು ಮಾತ್ರ ಚಿತ್ರಗಳಲ್ಲಿ ಉಳಿದಿವೆ.