ಟಿಪ್ಪು ಸುಲ್ತಾನನ ಸೋದರಳಿಯನ ಕಥೆ ಬರೆದ ಜೂಲ್ಸ್ ವರ್ನ್

ವಿಜ್ಞಾನದ ಕಥೆ ಅಂದ್ರ ಚಂದ್ರನ ಕಡೆ ಪಯಣ, ಸಮುದ್ರದೊಳಗಿನ ಹಡಗು ಇವೆಲ್ಲ ನೆನಪಿಗೆ ಬರುತ್ತವೆ. ಇಂಥ ಕಥೆಗಳಿಗೆ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರಾದವರು ಫ್ರಾನ್ಸ್ ದೇಶದ ಜೂಲ್ಸ್ ವರ್ನ್. ಅವರ ಬಗ್ಗೆ ಬರೆಯಲಿಕ್ಕೆ ನನಗೊಂದು ಕಾರಣ ಅದ. ಅದನ್ನು ಮುಂದೆ ಹೇಳುತ್ತೇನೆ.

ವರ್ನ್ ಅವರು 1828ನೇ ಇಸವಿ ಫೆಬ್ರವರಿ 8ರಂದು ನಾಂಟ್ ಎಂಬ ಊರಿನಲ್ಲಿ ಜನಿಸಿದರು. ಅದು ನದಿ ದಂಡೆಯ ಬಂದರು. ಹಡಗು ನೋಡುತ್ತ ಬೆಳೆದರು. ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆ ಸಮುದ್ರ ನೋಡಿದವರೇ ಕಡಿಮೆ, ನಮಗೆ ಹೈದರಾಬಾದ ರೋಡಿನ ಲಾರಿಗಳೇ ಹಡಗು. ತಂದೆ ವಕೀಲರು. ಮಗನೂ ವಕೀಲ ಆಗಲಿ ಅಂತ ಪ್ಯಾರಿಸ್ಸಿಗೆ ಕಳಿಸಿದರು. ಮಗ ಕಾನೂನು ಓದಿ ಪಾಸಾದರು ಖರೆ, ಆದ್ರ ಮನಸ್ಸೆಲ್ಲ ನಾಟಕದ ಮ್ಯಾಲೆ. ತಂದೆಯ ಕಚೇರಿಗೆ ಬರಲು ಒಪ್ಪಲಿಲ್ಲ. 1857ರಲ್ಲಿ ಮದುವೆಯಾದ ಮೇಲೆ ಹೊಟ್ಟೆಪಾಡಿಗೆ ಶೇರು ಬಜಾರಿನಲ್ಲಿ ದಲಾಲಿ ಕೆಲಸ ಮಾಡಿದರು. ನಸುಕಿನಲ್ಲೇ ಎದ್ದು ಬರೆಯುವುದು, ಆಮೇಲೆ ಕೆಲಸಕ್ಕೆ ಹೋಗುವುದು. ಗ್ರಂಥಾಲಯದಲ್ಲಿ ಕುಂತು ವಿಜ್ಞಾನ, ಭೂಗೋಳ ಓದಿ ಟಿಪ್ಪಣಿ ಮಾಡಿಡುತ್ತಿದ್ದರು. ಮೂವತ್ತೈದು ವರ್ಷ ಆಗುವ ತನಕ ದೊಡ್ಡ ಹೆಸರು ಬರಲಿಲ್ಲ. ಅಷ್ಟು ವರ್ಷ ತಾಳಿದ್ದೇ ದೊಡ್ಡದು ಅಂತೀನಿ ನಾನು.

1863ರಲ್ಲಿ ಹೆಟ್ಜೆಲ್ ಎಂಬ ಪ್ರಕಾಶಕರು ಅವರ ಬಲೂನ್ ಪ್ರವಾಸದ ಕಥೆ ಅಚ್ಚು ಹಾಕಿದರು. ಅದು ಚೆನ್ನಾಗಿ ಖರ್ಚಾಯಿತು. ಮುಂದೆ ಭೂಮಿಯ ಹೊಟ್ಟೆಯೊಳಗೆ ಹೋದ ಕಥೆ, ಎಂಬತ್ತು ದಿನದಲ್ಲಿ ಭೂಮಿ ಸುತ್ತಿದ ಕಥೆ ಎಲ್ಲ ಬಂದವು.

ಚಂದ್ರನ ಕಥೆ 1865ರದು. ಅದರಲ್ಲಿ 900 ಅಡಿ ಉದ್ದದ ತೋಪು ಎರಕ ಹೊಯ್ದು ಅದರೊಳಗಿಂದ ಮೂರು ಮಂದಿಯನ್ನು ಚಂದ್ರನ ಕಡೆ ಹಾರಿಸುತ್ತಾರೆ. ಕಲ್ಯಾಣದ ಕೋಟೆಯ ತೋಪು ನೋಡಿದವರು 900 ಅಡಿ ಎಷ್ಟಾಗತದ ಅಂತ ಲೆಕ್ಕ ಹಾಕಿರಿ. ಅವರು ಹೊರಡುವುದು ಅಮೆರಿಕದ ಫ್ಲೋರಿಡಾದಿಂದ. ಎರಡನೇ ಭಾಗದಲ್ಲಿ ಚಂದ್ರನ ಮ್ಯಾಲೆ ಇಳಿಯದೆ ಸುತ್ತು ಹಾಕಿ ಬಂದು ಪೆಸಿಫಿಕ್ ಸಾಗರದಲ್ಲಿ ಬೀಳುತ್ತಾರೆ. 1968ರ ಡಿಸೆಂಬರ್‌ನಲ್ಲಿ ಅಪೊಲೊ 8 ಹೊರಟಿದ್ದೂ ಫ್ಲೋರಿಡಾದಿಂದ, ಹೋದವರೂ ಮೂರು ಮಂದಿ, ಸುತ್ತು ಹಾಕಿ ಬಂದು ಬಿದ್ದದ್ದೂ ಅದೇ ಸಾಗರದಲ್ಲಿ!

ಆದ್ರ ತೋಪಿನ ಲೆಕ್ಕ ತಪ್ಪು. ಅಷ್ಟು ಜೋರಿನ ಏಟಿಗೆ ಒಳಗಿದ್ದವರು ಬದುಕುವುದಿಲ್ಲ. ರಷ್ಯಾದ ತ್ಸಿಯೊಲ್ಕೋವ್‌ಸ್ಕಿ ಎಂಬುವರಿಗೆ ಬಾಹ್ಯಾಕಾಶದ ಹುಚ್ಚು ಹತ್ತಿದ್ದೇ ವರ್ನ್ ಕಥೆ ಓದಿ. ಅವರು ತೋಪು ಬಿಟ್ಟು ರಾಕೆಟ್ಟಿನ ಲೆಕ್ಕ ಹಾಕಿ 1903ರಲ್ಲಿ ಪ್ರಕಟಿಸಿದರು. ಅವರು ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರರು, ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಕಥೆಯಲ್ಲಿ ತಪ್ಪು ಇದ್ದರೂ ಅದರಿಂದ ರಾಕೆಟ್ಟು ಹುಟ್ಟಿತು ನೋಡ್ರಿ.

ಅಮೆರಿಕದ ನೆಲ್ಲಿ ಬ್ಲೈ ಎಂಬ ಪತ್ರಕರ್ತೆ 1889ರಲ್ಲಿ ಹೊರಟು 72 ದಿನದಲ್ಲೇ ಭೂಮಿ ಸುತ್ತಿ ಬಂದಳು, ದಾರಿಯಲ್ಲಿ ವರ್ನ್ ಅವರ ಮನೆಗೂ ಹೋಗಿದ್ದಳು. 1926ರಲ್ಲಿ ಅಮೆರಿಕದಲ್ಲಿ ವಿಜ್ಞಾನ ಕಥೆಗಳಿಗಾಗಿಯೇ ಒಂದು ಮಾಸಪತ್ರಿಕೆ ಶುರುವಾದಾಗ ಅದರ ಸಂಪಾದಕರು ವರ್ನ್ ಸಮಾಧಿಯ ಚಿತ್ರವನ್ನೇ ಪತ್ರಿಕೆಯಲ್ಲಿ ಹಾಕುತ್ತಿದ್ದರು.

1886ರಲ್ಲಿ ತಲೆ ಕೆಟ್ಟಿದ್ದ ಸ್ವಂತ ತಮ್ಮನ ಮಗನೇ ಅವರ ಕಾಲಿಗೆ ಗುಂಡು ಹೊಡೆದ. ಅಂದಿನಿಂದ ಕುಂಟುತ್ತಲೇ ನಡೆದರು. ಬರೆಯುವುದು ಬಿಡಲಿಲ್ಲ. 1905ರ ಮಾರ್ಚ್ 24ರಂದು ಅಮಿಯಾಂ ಊರಿನಲ್ಲಿ ತೀರಿಕೊಂಡರು.

ಈಗ ನಾನು ಹೇಳಬೇಕೆಂದಿದ್ದ ಮಾತು. ಸಮುದ್ರದೊಳಗಿನ ಕಥೆಯ ನಾಯಕ ಕ್ಯಾಪ್ಟನ್ ನೆಮೊ, ಅವನ ಹಡಗು ನಾಟಿಲಸ್. ಅವನು ಯಾವ ದೇಶದವನು ಅಂತ ಆ ಪುಸ್ತಕದಲ್ಲಿ ಇಲ್ಲ. ವರ್ನ್ ಮೊದಲು ಅವನನ್ನು ರಷ್ಯಾದ ಮ್ಯಾಲೆ ಸಿಟ್ಟಿದ್ದ ಪೋಲೆಂಡಿನವನು ಮಾಡಬೇಕೆಂದಿದ್ದರು. ರಷ್ಯಾದಲ್ಲಿ ಪುಸ್ತಕ ಮಾರಾಟಕ್ಕೆ ತೊಂದರೆ ಅಂತ ಹೆಟ್ಜೆಲ್ ಒಪ್ಪಲಿಲ್ಲ. 1875ರಲ್ಲಿ ಮುಗಿದ ನಿಗೂಢ ದ್ವೀಪದ ಕಥೆಯಲ್ಲಿ ಗುಟ್ಟು ಬಿಚ್ಚುತ್ತದೆ. ನೆಮೊ ನಮ್ಮ ಭಾರತದವನು! ಹೆಸರು ದಕ್ಕಾರ್, ಬುಂದೇಲಖಂಡದ ರಾಜಕುಮಾರ, ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ. ಫ್ರೆಂಚಿನಲ್ಲಿ ಅಣ್ಣನ ಮಗನಿಗೂ ಅಕ್ಕನ ಮಗನಿಗೂ ಒಂದೇ ಶಬ್ದ. ತಂದೆ ಬುಂದೇಲಖಂಡದ ರಾಜ ಅಂದ ಮೇಲೆ ತಾಯಿಯ ಕಡೆಯಿಂದಲೇ ಸಂಬಂಧ ಇರಬೇಕು, ಅದಕ್ಕೇ ನಾನು ಸೋದರಳಿಯ ಅಂತ ಬರೆದೆ. 1857ರಲ್ಲಿ ಅವನು ಇಂಗ್ಲಿಷರ ವಿರುದ್ಧ ಹೋರಾಡಿ, ಹೆಂಡತಿ ಮಕ್ಕಳನ್ನು ಕಳಕೊಂಡು ಸಮುದ್ರ ಸೇರುತ್ತಾನೆ.

ಇದೆಲ್ಲ ಕಟ್ಟಿದ ಕಥೆ. ವರ್ನ್ ಭಾರತಕ್ಕೆ ಬಂದವರೇ ಅಲ್ಲ, ನಕಾಶೆ ನೋಡಿ ಬರೆದವರು. ಎಂಬತ್ತು ದಿನದ ಕಥೆಯಲ್ಲಿ ನಮ್ಮವರನ್ನು ಬರೀ ಸತಿ ಸುಡುವವರು ಅನ್ನೋ ಹಾಂಗ ತೋರಿಸಿದ್ದು ನನಗೆ ಸೇರಲಿಲ್ಲ. ಆದ್ರ ಜಗತ್ತೇ ಮೆಚ್ಚಿದ ನಾಯಕನನ್ನು, ಅಷ್ಟು ವಿಜ್ಞಾನ ಬಲ್ಲವನನ್ನು, ನಮ್ಮ ದೇಶದವನನ್ನಾಗಿ ಮಾಡಿದರಲ್ಲ, ಅದು ಸಣ್ಣ ಮಾತಲ್ಲ. 1954ರ ಸಿನಿಮಾದಲ್ಲಿ ಇಂಗ್ಲಿಷ್ ನಟನೊಬ್ಬ ನೆಮೊ ಪಾತ್ರ ಮಾಡಿದ. ಹಿಂಗಾಗಿ ನೆಮೊ ಗೊತ್ತಿದ್ದ ಎಷ್ಟೋ ಮಂದಿಗೆ ಈ ಸಂಗತಿ ಗೊತ್ತಿಲ್ಲ.

ಕೊನೆಗೆ ನೆಮೊ ಮುದುಕನಾಗಿ ಸಾಯುತ್ತಾನೆ. ಅವನ ಮಾತಿನಂತೆ ನಾಟಿಲಸ್ಸನ್ನೇ ಅವನ ಗೋರಿ ಮಾಡಿ ನೀರಿನಲ್ಲಿ ಮುಳುಗಿಸುತ್ತಾರೆ. ಮಾವನ ಗೋರಿ ಶ್ರೀರಂಗಪಟ್ಟಣದಲ್ಲಿ, ಅಳಿಯನದು ಪೆಸಿಫಿಕ್ ಸಾಗರದ ತಳದಲ್ಲಿ.