ಒಂದು ಕಲ್ಲಿನಿಂದ ಶುರುವಾದ ಇನ್ಸುಲಿನ್ ಕಥೆ

ಶ್ರೀನಿವಾಸಪುರದಲ್ಲಿ ಮಾವಿನ ಸೀಸನ್ ಬಂದ್ರೆ ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ನಮ್ಮೆಲ್ಲರ ಮನೆಗೂ ಹಣ್ಣು ಬರುತ್ತೆ. ಆದರೆ ಶುಗರ್ ಇರೋ ಅಜ್ಜ-ಅಜ್ಜಿ ಒಂದು ಹೋಳು ತಿನ್ನೋಕೂ ಯೋಚಿಸ್ತಾರೆ. ಅಂಥ ಎಷ್ಟೋ ಜನರಿಗೆ ಆಸರೆಯಾದ ಇನ್ಸುಲಿನ್ ಹಿಂದೆ ಇದ್ದವರು ಫ್ರೆಡರಿಕ್ ಬ್ಯಾಂಟಿಂಗ್.

1891ರ ನವೆಂಬರ್ 14ರಂದು ಕೆನಡಾದ ರೈತ ಕುಟುಂಬದಲ್ಲಿ ಹುಟ್ಟಿದ ಬ್ಯಾಂಟಿಂಗ್, ಕಾಲೇಜಿನ ಮೊದಲ ವರ್ಷವೇ ಫೇಲ್ ಆದವರು. (ಬ್ಯಾಕ್‌ಲಾಗ್ ಇರೋ ಗೆಳೆಯರೇ, ಗಮನಿಸಿ!) ಆಮೇಲೆ ವೈದ್ಯಕೀಯ ಓದಿದರು, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡರು. ವಾಪಸ್ ಬಂದು ಕ್ಲಿನಿಕ್ ತೆರೆದರೆ ರೋಗಿಗಳೇ ಇಲ್ಲ! ಖರ್ಚಿಗೆ ಪಾಠ ಹೇಳಲು ಹೊರಟರು.

1920ರ ಅಕ್ಟೋಬರ್ ಕೊನೆಯ ಒಂದು ರಾತ್ರಿ, ಪಾಠದ ತಯಾರಿಯಲ್ಲಿದ್ದಾಗ ಮೋಸೆಸ್ ಬ್ಯಾರನ್ ಅವರ ಲೇಖನ ಓದಿದರು. ಮೇದೋಜೀರಕ ಗ್ರಂಥಿಗೆ ಎರಡು ಕೆಲಸ. ಹೆಚ್ಚಿನ ಜೀವಕೋಶಗಳು ಜೀರ್ಣರಸ ಮಾಡುತ್ತವೆ. ನಡುನಡುವೆ ದ್ವೀಪಗಳಂತಿರುವ ಗುಂಪುಗಳು ಇನ್ಸುಲಿನ್ ಮಾಡುತ್ತವೆ. ಬ್ಯಾರನ್ ನೋಡಿದ ಒಂದು ಗ್ರಂಥಿಯಲ್ಲಿ ಕಲ್ಲೊಂದು ನಾಳಕ್ಕೆ ಅಡ್ಡ ಕೂತು ಜೀರ್ಣರಸದ ಕೋಶಗಳು ನಾಶವಾಗಿದ್ದವು, ದ್ವೀಪಗಳು ಮಾತ್ರ ಉಳಿದಿದ್ದವು. ನಾವೇ ನಾಳ ಕಟ್ಟಿದ್ರೆ ಹೇಗೆ ಅನ್ನೋ ಯೋಚನೆ ಬ್ಯಾಂಟಿಂಗ್‌ಗೆ ಅಲ್ಲೇ ಹೊಳೆಯಿತು.

1921ರಲ್ಲಿ ಟೊರಾಂಟೋದಲ್ಲಿ ಮ್ಯಾಕ್ಲಿಯಾಡ್ ಅವರ ಲ್ಯಾಬ್‌ನಲ್ಲಿ, ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್ ಜೊತೆ ನಾಯಿಗಳ ಮೇಲೆ ಪ್ರಯೋಗ ನಡೆಯಿತು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಇಂಜೆಕ್ಷನ್ ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಔಷಧಿಯನ್ನು ಶುದ್ಧಗೊಳಿಸಿದ ಮೇಲೆ, 23ರಂದು ಮತ್ತೆ ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು. ತಮಾಷೆ ಅಂದ್ರೆ, ನಾಳ ಕಟ್ಟೋ ಅಗತ್ಯವೇ ಇರಲಿಲ್ಲ ಅಂತ ಅಷ್ಟರಲ್ಲಿ ಗೊತ್ತಾಗಿತ್ತು! ಐಡಿಯಾ ಪೂರ್ತಿ ಸರಿ ಇಲ್ಲದಿದ್ರೂ ದಾರಿ ಸಿಕ್ಕಿತ್ತು.

1923ರಲ್ಲಿ ನೊಬೆಲ್ ಬಂದಾಗ ಹಣದ ಅರ್ಧ ಪಾಲು ಬೆಸ್ಟ್‌ಗೆ ಕೊಟ್ಟರು. ಪೇಟೆಂಟ್‌ನಿಂದ ದುಡ್ಡು ಮಾಡಲಿಲ್ಲ. ಬೆಸ್ಟ್ ಮತ್ತು ಕಾಲಿಪ್ ಅದನ್ನು ತಲಾ ಒಂದು ಡಾಲರ್‌ಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. 1941ರ ಫೆಬ್ರವರಿಯಲ್ಲಿ ವಿಮಾನ ಅಪಘಾತದಲ್ಲಿ ಬ್ಯಾಂಟಿಂಗ್ ತೀರಿಕೊಂಡರು.

ಆ ಕಲ್ಲಿನ ಕಥೆ ಮಾತ್ರ ಮುಗಿದಿಲ್ಲ. ಗ್ರಂಥಿಯ ಉರಿಯೂತ ವರ್ಷಗಟ್ಟಲೆ ಮುಂದುವರಿದರೆ, ಉಳಿದಿದ್ದ ದ್ವೀಪಗಳೂ ಹಾಳಾಗಿ ಡಯಾಬಿಟಿಸ್ ಬರಬಹುದು. ಕುಡಿತವೇ ಕಾರಣ ಅಂತಲ್ಲ. ದಕ್ಷಿಣ ಭಾರತದಲ್ಲಿ ಕುಡಿಯದ ಯುವಜನರಲ್ಲೂ ಇಂಥ ಕಲ್ಲುಗಳು ಕಂಡಿವೆ. ಹಾಗಾಗಿ ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹರಡಿ ಪದೇಪದೇ ಬರ್ತಿದ್ರೆ, ಗ್ಯಾಸ್ ಅಂತ ಮಾತ್ರೆ ನುಂಗಿ ಮಲಗಿಸೋದು ಬೇಡ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋಣ.

ನಮಗೆ ಮಕ್ಕಳ ದಿನವಾದ ನವೆಂಬರ್ 14, ಬ್ಯಾಂಟಿಂಗ್ ನೆನಪಿನಲ್ಲಿ ವಿಶ್ವ ಮಧುಮೇಹ ದಿನವೂ ಹೌದು.